ಹೊಸಬರಿಗೆ ಕೈಗಡ ಕೊಡಲು ಅಗ್ಗದ ಮ್ಯಾಜಿಕ್ ಡೆಕ್ ಜೋಡಿ: 1500 ರೂಪಾಯಿಯಲ್ಲಿ ಆಗುತ್ತದೆಯೇ?

ಕೋಥ್ರೂಡ್ ಕಟ್ಟೆ (ಪುಣೆ) ಕೇಳಿದ್ದು:

ಭಾನುವಾರ ಸಂಜೆ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಏಳೆಂಟು ಜನ ಕನ್ನಡದವರು ಸೇರುತ್ತಾರೆ. ಮ್ಯಾಜಿಕ್: ದಿ ಗ್ಯಾದರಿಂಗ್ (ಪ್ರತಿಯೊಬ್ಬರೂ ತಮ್ಮದೇ ಕಾರ್ಡಿನ ಕಟ್ಟು, ಅಂದರೆ ಡೆಕ್, ಹಿಡಿದು ಆಡುವ ಆಟ) ಗೊತ್ತಿರುವುದು ಇಬ್ಬರಿಗೆ ಮಾತ್ರ. ಉಳಿದವರು ಇಸ್ಪೀಟಿನಲ್ಲಿ ಪಳಗಿದವರು, ರಮ್ಮಿ ಕಣ್ಣುಮುಚ್ಚಿ ಆಡುತ್ತಾರೆ, ಇದಕ್ಕೂ ಕೂರಲು ತಯಾರಿದ್ದಾರೆ. ಆದರೆ ಕಾರ್ಡಿಗೆ ದುಡ್ಡು ಹಾಕಿ ಅಂತ ಅವರಿಗೆ ಹೇಳುವ ಹಾಗಿಲ್ಲ. ಆದ್ದರಿಂದ ಎರವಲು ಕೊಡಲೆಂದೇ ಎರಡು ಡೆಕ್ ಕಟ್ಟಬೇಕು. ಒಂದು ವಾರ ಮನೆಗೆ ಒಯ್ದರೂ ಚಿಂತೆಯಾಗಬಾರದು. ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಕವರ್), ಡಬ್ಬಿ ಎಲ್ಲ ಸೇರಿ 1500 ರೂಪಾಯಿ.

ಸದ್ಯಕ್ಕೆ ಎರಡು ಡೆಕ್ ಇವೆ. ಒಂದು ಕೆಂಪು ಗಾಬ್ಲಿನ್ ಡೆಕ್, ನೆಟ್ಟಿನಲ್ಲಿದ್ದ ಪಾಪರ್ (ಬರೀ ಕಾಮನ್, ಅಂದರೆ ಸುಲಭಕ್ಕೆ ಸಿಗುವ ಕಾರ್ಡಿನ ಆಟ) ಪಟ್ಟಿ ನೋಡಿ ಕಟ್ಟಿದ್ದು, 17 ಮೌಂಟನ್. ಇನ್ನೊಂದು ನೀಲಿ, ಅದರಲ್ಲಿ ಕೌಂಟರ್‌ಸ್ಪೆಲ್ ತರಹದ್ದೇ (ಎದುರಿನವರು ಆಡಿದ ಕಾರ್ಡನ್ನು ರದ್ದು ಮಾಡುವಂಥದ್ದು) 12. ಎರಡನ್ನೂ ಹೊಸಬರ ಕೈಗೆ ಕೊಟ್ಟರೆ ಮೂರನೇ ಸರದಿಗೆ "ಈಗೇನು ಮಾಡಲಿ?" ಶುರುವಾಗುತ್ತದೆ, ಐದನೇ ಸರದಿಗೆ ಕೈಗೆ ಫೋನ್ ಬರುತ್ತದೆ. ಡೆಕ್ಕಿನಲ್ಲಿ ಏನು ಬದಲಿಸಬೇಕು? ಜೆರಾಕ್ಸ್ ಮಾಡಿದ ಕಾರ್ಡ್ ನಡೆಯುತ್ತದೆಯೇ? ಮಳೆಗಾಲದಲ್ಲಿ ಕಾರ್ಡ್ ಬಾಗದಂತೆ ಇಡುವುದು ಹೇಗೆ?

ಡೊಂಬಿವಲಿ ಫಾಸ್ಟ್ (ಮುಂಬೈ):

ಆಡಿ ಪಳಗಿದವರಿಗೆ ಎರಡೂ ಒಳ್ಳೆಯ ಡೆಕ್ಕೇ ಮಾರಾಯ್ರೆ. ಎರವಲಿಗೆ ಎರಡೂ ಆಗದು, ಕಾರಣ ಮಾತ್ರ ಬೇರೆ ಬೇರೆ.

ಕೆಂಪಿನ ತೊಂದರೆ ಲೆಕ್ಕದಲ್ಲಿ ಉಂಟು. ಉಳಿದ ಕಾರ್ಡ್ ಆಡಲು ಬೇಕಾದ ಮಾನಾ, ಅಂದರೆ ಖರ್ಚಿನ ಶಕ್ತಿ, ಕೊಡುವುದು ಮೌಂಟನ್ ತರಹದ ಲ್ಯಾಂಡ್ ಕಾರ್ಡ್. 60ರಲ್ಲಿ 17 ಲ್ಯಾಂಡ್ ಇಟ್ಟರೆ, ಕೈಗೆ ಬಂದ ಮೊದಲ ಏಳು ಎಲೆಗಳಲ್ಲಿ ಲ್ಯಾಂಡೇ ಇಲ್ಲದಿರುವ ಅಥವಾ ಒಂದೇ ಇರುವ ಸಾಧ್ಯತೆ ಶೇ. 35. ಅಂದರೆ ಮೂರು ಆಟದಲ್ಲಿ ಒಂದು ಆಟ ಶುರುವಾಗುವ ಮೊದಲೇ ಕುಂಟುತ್ತದೆ. ಆ ಪಟ್ಟಿ ಬರೆದವರಿಗೆ ಯಾವ ಕೈ ಇಟ್ಟುಕೊಳ್ಳಬೇಕು, ಯಾವುದನ್ನು ವಾಪಸ್ ಕಲೆಸಬೇಕು ಅಂತ ಗೊತ್ತು, ಎರಡೇ ಲ್ಯಾಂಡಿನಲ್ಲಿ ಆಟ ಮುಗಿಸಲೂ ಬರುತ್ತದೆ. ಹೊಸಬರು ಒಂದು ಲ್ಯಾಂಡ್ ಇರುವ ಕೈಯನ್ನು "ನೋಡೋಣ" ಅಂತ ಇಟ್ಟುಕೊಂಡು ನಾಲ್ಕು ಸರದಿ ಸುಮ್ಮನೆ ಕೂರುತ್ತಾರೆ. 24 ಲ್ಯಾಂಡ್ ಇಟ್ಟರೆ ಅದೇ ಸಾಧ್ಯತೆ ಶೇ. 14ಕ್ಕೆ ಇಳಿಯುತ್ತದೆ, ಏಳು ಆಟಕ್ಕೊಮ್ಮೆ. ಅದರ ಮೇಲೆ ಮನೆಯ ನಿಯಮ ಒಂದು ಸೇರಿಸಿ: ಮೊದಲ ಸಲ ಕೈ ಬದಲಿಸಿದರೆ ದಂಡ ಇಲ್ಲ, ಪೂರ್ತಿ ಏಳು ಎಲೆ.

ನೀಲಿಯ ತೊಂದರೆ ಬೇರೆ. ಕೌಂಟರ್‌ಸ್ಪೆಲ್ ಆಡಬೇಕಾದರೆ ಎದುರಿನವರು ಮುಂದೆ ಏನು ತರಬಹುದು ಅಂತ ಗೊತ್ತಿರಬೇಕು, ಯಾವುದನ್ನು ಬಿಡಬಹುದು ಅನ್ನುವುದೂ ಗೊತ್ತಿರಬೇಕು. ಹೊಸಬರು ಮೊದಲು ಕಂಡ 2/2 ಪ್ರಾಣಿಯ ಮೇಲೆ (ಮೊದಲ ಅಂಕಿ ಹೊಡೆತ, ಎರಡನೆಯದು ತಾಳುವ ಬಲ) ಅದನ್ನು ಖರ್ಚು ಮಾಡುತ್ತಾರೆ. ಎದುರು ಕೂತವರೂ ಹೊಸಬರೇ ಆದರೆ ಇನ್ನೂ ಕಷ್ಟ: ತಾವಿಟ್ಟ ಕಾರ್ಡೆಲ್ಲ ಮೇಜಿಗೆ ಬರುವ ಮೊದಲೇ ಹೋಯಿತೆಂದರೆ ಅವರು ಕಲಿಯುವುದೇನು?

ಎರವಲಿನ ಡೆಕ್ ಜೋಡಿಯಾಗಿಯೇ ಹುಟ್ಟಬೇಕು, ಒಂದರ ಎದುರು ಒಂದು. ಒಂದೊಂದು ಡೆಕ್ಕಿಗೆ ಒಂದೇ ಬಣ್ಣ. ನನ್ನ ಪಟ್ಟಿ ಹೀಗೆ.

ಹಸಿರು, 60: ಫಾರೆಸ್ಟ್ 23, ಲಾನೊವಾರ್ ಎಲ್ವ್ಸ್ 4, ಗ್ರಿಜ್ಲಿ ಬೇರ್ಸ್ 4, ಎಲ್ವಿಶ್ ವಿಷನರಿ 4, ಸೆಂಟಾರ್ ಕೋರ್ಸರ್ 4, ರಂಬ್ಲಿಂಗ್ ಬಲೋತ್ 4, ಜೈಂಟ್ ಸ್ಪೈಡರ್ 4, ಸ್ಪೈನ್ಡ್ ವರ್ಮ್ 3, ವಾಸ್ಟ್‌ವುಡ್ ಗೋರ್ಜರ್ 2, ಜೈಂಟ್ ಗ್ರೋತ್ 4, ರ್‍ಯಾಬಿಡ್ ಬೈಟ್ 4.

ಬಿಳಿ, 60: ಪ್ಲೇನ್ಸ್ 24, ಸನ್‌ಟೇಲ್ ಹಾಕ್ 4, ಗ್ಲೋರಿ ಸೀಕರ್ 4, ವೈಲ್ಡ್ ಗ್ರಿಫಿನ್ 4, ಅಟೆಂಡೆಡ್ ನೈಟ್ 4, ಅಸಾಲ್ಟ್ ಗ್ರಿಫಿನ್ 4, ಪಿಲ್ಲರ್‌ಫೀಲ್ಡ್ ಆಕ್ಸ್ 4, ಸೆರಾ ಏಂಜೆಲ್ 2, ಪ್ಯಾಸಿಫಿಸಮ್ 4, ರೈಸ್ ದಿ ಅಲಾರ್ಮ್ 3, ಇನ್‌ಸ್ಪೈರ್ಡ್ ಚಾರ್ಜ್ 3.

ಹಸಿರಿನಲ್ಲಿ ಒಂದು ಲ್ಯಾಂಡ್ ಕಡಿಮೆ, ಯಾಕೆಂದರೆ ಎಲ್ವ್ಸ್ ಕೂಡ ಮಾನಾ ಕೊಡುತ್ತದೆ. ಒಂದೊಂದು ಡೆಕ್ಕಿನಲ್ಲಿ ಲ್ಯಾಂಡ್ ಬಿಟ್ಟರೆ ಹತ್ತೇ ಹೆಸರು. ಎರಡೂ ಸೇರಿ ಇಪ್ಪತ್ತರಲ್ಲಿ ಏಳರ ಮೇಲೆ ಆಟಕ್ಕೆ ಬೇಕಾದ ಒಂದಕ್ಷರವೂ ಇಲ್ಲ, ಬರೀ ಅಂಕಿ. ಕಲಿಯಬೇಕಾದ ವಿಶೇಷ ಪದ ನಾಲ್ಕು: ಫ್ಲೈಯಿಂಗ್ (ಹಾರುವುದು), ರೀಚ್ (ಹಾರುವುದನ್ನೂ ತಡೆಯುವುದು), ಫಸ್ಟ್ ಸ್ಟ್ರೈಕ್ (ಮೊದಲೇ ಹೊಡೆಯುವುದು), ವಿಜಿಲೆನ್ಸ್ (ಅಟ್ಯಾಕ್ ಮಾಡಿದರೂ ಮಲಗದಿರುವುದು). ನಾಲ್ಕು ಪ್ರತಿ ಇರುವ ಕಾರ್ಡ್ ಮೊದಲ ಕೈಯಲ್ಲೇ ಬರುವ ಸಾಧ್ಯತೆ ಶೇ. 40. ಅದೇ ಕಾರ್ಡ್ ಮತ್ತೆ ಮತ್ತೆ ಕಣ್ಣಿಗೆ ಬೀಳುವುದರಿಂದ ಎರಡನೇ ಆಟದ ಹೊತ್ತಿಗೆ ಓದುವ ಕೆಲಸ ನಿಲ್ಲುತ್ತದೆ. ನಾಲ್ಕು ಪ್ರತಿಯೂ ಒಂದೇ ಚಿತ್ರದ್ದು ಇರಲಿ. ಹೊಸಬರು ಕಾರ್ಡ್ ಗುರುತಿಸುವುದು ಚಿತ್ರದಿಂದ, ಹೆಸರಿನಿಂದಲ್ಲ. ಒಂದೇ ಹೆಸರಿಗೆ ಮೂರು ಚಿತ್ರ ಇದ್ದರೆ ಮೂರು ಕಾರ್ಡ್ ಅಂದುಕೊಳ್ಳುತ್ತಾರೆ.

ಈ ಜೋಡಿಯಲ್ಲಿ ಆಟ ತಾನಾಗಿ ಪಾಠ ಹೇಳುತ್ತದೆ. ಒಂದು ಸರದಿ ನೋಡಿ. ಬಿಳಿಯವರು ಅಸಾಲ್ಟ್ ಗ್ರಿಫಿನ್ ಮುಂದೆ ಬಿಟ್ಟರು, 3/2, ಹಾರುತ್ತದೆ. ಹಸಿರಿನವರು ಜೈಂಟ್ ಸ್ಪೈಡರ್ ಅಡ್ಡ ತಂದರು, 2/4, ರೀಚ್ ಇರುವುದರಿಂದ ಹಾರುವುದನ್ನೂ ತಡೆಯುತ್ತದೆ. ಹೀಗೇ ಬಿಟ್ಟರೆ ಗ್ರಿಫಿನ್ ಸಾಯುತ್ತದೆ, ಜೇಡಕ್ಕೆ ಏನೂ ಆಗುವುದಿಲ್ಲ. ಬಿಳಿಯವರ ಕೈಯಲ್ಲಿ ಇನ್‌ಸ್ಪೈರ್ಡ್ ಚಾರ್ಜ್ ಉಂಟು. ನಾಲ್ಕು ಲ್ಯಾಂಡ್ ಟ್ಯಾಪ್ ಮಾಡಿದರು (ಅಡ್ಡ ಮಲಗಿಸಿ ಮಾನಾ ತೆಗೆದರು), ಗ್ರಿಫಿನ್ 5/3 ಆಯಿತು. ಜೇಡ ಸತ್ತಿತು, ಗ್ರಿಫಿನ್ ಉಳಿಯಿತು. ಅದೇ ಕಾರ್ಡನ್ನು ಬ್ಲಾಕ್ ಹೇಳುವ ಮೊದಲೇ ಆಡಿದ್ದರೆ ಹಸಿರಿನವರು ಜೇಡವನ್ನು ಅಡ್ಡ ತರುತ್ತಲೇ ಇರಲಿಲ್ಲ. ಜೈಂಟ್ ಗ್ರೋತ್‌ಗೂ ಇದೇ ಮಾತು. ಹೊಸಬರು ಮಾಡುವ ದೊಡ್ಡ ತಪ್ಪು ಇದೇ, ಬ್ಲಾಕ್ ಆಗುವವರೆಗೆ ಕಾಯುವುದಿಲ್ಲ. ಬಾಯಲ್ಲಿ ಹೇಳಿದರೆ ತಲೆಗೆ ಹೋಗದು, ಒಮ್ಮೆ ಹೀಗೆ ಜೇಡ ಸತ್ತರೆ ಹೋಗುತ್ತದೆ.

ಜಗಳ ಬರುವ ಜಾಗ ಎರಡು ಉಂಟು, ಮೊದಲೇ ಹೇಳಿಬಿಡಿ. ಎಲ್ವ್ಸ್ ಮೇಜಿಗೆ ಬಂದ ಸರದಿಯಲ್ಲೇ ಮಾನಾ ಕೊಡುವುದಿಲ್ಲ, ಮುಂದಿನ ಸರದಿಯಿಂದ. ಹಾಗೆಯೇ ಪ್ಯಾಸಿಫಿಸಮ್ ಬಿದ್ದ ಪ್ರಾಣಿ ಅಟ್ಯಾಕ್ ಮಾಡದು, ಬ್ಲಾಕ್ ಮಾಡದು, ಅಷ್ಟೇ. ಎಲ್ವ್ಸ್ ಆದರೆ ಮಾನಾ ಕೊಡಬಹುದು, ಬಲೋತ್ ಆದರೆ ರ್‍ಯಾಬಿಡ್ ಬೈಟ್‌ನಲ್ಲಿ ಕಚ್ಚಲೂಬಹುದು. "ಅದು ಸತ್ತಂತೆ ಅಲ್ಲವಾ?" ಅಂತ ಬಿಳಿಯವರು ಖಂಡಿತ ಕೇಳುತ್ತಾರೆ. ಅಲ್ಲ.

ದುಡ್ಡಿನ ಲೆಕ್ಕ: ಸ್ಲೀವ್, ಡಬ್ಬಿಗೆ 500 ತೆಗೆದಿಡಿ. 120ರಲ್ಲಿ 47 ಲ್ಯಾಂಡ್. ಬೇಸಿಕ್ ಲ್ಯಾಂಡ್ ಹಳೆಯ ಆಟಗಾರರ ಮನೆಯಲ್ಲಿ ಡಬ್ಬಿಗಟ್ಟಲೆ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಉಳಿದ 73 ಕಾರ್ಡಿಗೆ 1000 ರೂಪಾಯಿ, ಸರಾಸರಿ 13 ರೂಪಾಯಿ 70 ಪೈಸೆ. ಏಂಜೆಲ್ ಬಿಟ್ಟು ಯಾವುದಕ್ಕೂ 20ರ ಮೇಲೆ ಕೊಡಬೇಡಿ. ಒಬ್ಬರೇ ಮಾರಾಟಗಾರರ ಹತ್ತಿರ ಸಾಧ್ಯವಾದಷ್ಟು ತೆಗೆದುಕೊಳ್ಳಿ. ಮೂರು ಕಡೆ ತೆಗೆದುಕೊಂಡರೆ ಮೂರು ಕೊರಿಯರ್ ಖರ್ಚು, 73 ಕಾಮನ್ ಕಾರ್ಡಿನ ವ್ಯವಹಾರದಲ್ಲಿ ಅದೇ ದೊಡ್ಡ ಖರ್ಚು. ಹೆಸರು ಸಿಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ: ಗ್ರಿಜ್ಲಿ ಬೇರ್ಸ್‌ಗೆ ರೂನ್‌ಕ್ಲಾ ಬೇರ್, ಗ್ಲೋರಿ ಸೀಕರ್‌ಗೆ ಸಿಲ್ವರ್‌ಕೋಟ್ ಲಯನ್, ಅಷ್ಟೇ ಮಾನಾಕ್ಕೆ ಅದೇ 2/2.

ಜೆರಾಕ್ಸ್ ಕಾರ್ಡ್ ಬಗ್ಗೆ: ಮನೆಯಾಟಕ್ಕೆ ಯಾರ ಅಡ್ಡಿಯೂ ಇಲ್ಲ, ಅಧಿಕೃತ ಪಂದ್ಯದಲ್ಲಿ ನಡೆಯದು. ಆದರೆ ಇಲ್ಲಿ ಲಾಭವೇ ಇಲ್ಲ. ಹತ್ತು ಹನ್ನೆರಡು ರೂಪಾಯಿಯ ಕಾರ್ಡಿಗೆ ಬಣ್ಣದ ಪ್ರಿಂಟ್, ಕತ್ತರಿ, ಹಿಂದೆ ಇಡಲು ಬೇರೆ ಕಾರ್ಡ್, ಇಷ್ಟೆಲ್ಲ ಯಾಕೆ?

ಎಬಿಸಿ ಚೌಕದಾಂವ (ಪುಣೆ):

ಡೆಕ್ ಬಗ್ಗೆ ಮ್ಯಾಲಿನವರು ಹೇಳಿದ್ದು ಖರೇ ಅದ. ನಾ ಸ್ಲೀವ್, ಡಬ್ಬಿ, ಮಳಿ ಬಗ್ಗೆ ಅಷ್ಟ ಹೇಳ್ತೀನ್ರಿ.

ಮ್ಯಾಜಿಕ್ ಕಾರ್ಡು 63 x 88 ಮಿಲಿಮೀಟರ್. ಅದಕ್ಕ 66 x 91ರ ಸ್ಲೀವ್ ಬೇಕು. ಅಂಗಡ್ಯಾಗ "ಜಪಾನೀಸ್ ಸೈಜ್" ಅಂತ ಇನ್ನೊಂದು ಸಿಗ್ತದ, ಯು-ಗಿ-ಓ ಕಾರ್ಡಿಂದು, 62 x 89. ನೋಡಾಕ ಒಂದ ಥರಾ, ರೇಟೂ ಒಂದ ಥರಾ. ತಂದು ಹಾಕಾಕ ಹೋದ್ರ ಮ್ಯಾಜಿಕ್ ಕಾರ್ಡು ಒಳಗ ಹೋಗೂದಿಲ್ಲ, ಒತ್ತಿ ತುರುಕಿದ್ರ ಮೂಲಿ ಮುರೀತದ. ಪಾಕೀಟಿನ ಮ್ಯಾಲಿನ ಅಂಕಿ ನೋಡೇ ತಗೋರಿ.

ನೂರು ನೂರರ ಎರಡು ಪಾಕೀಟು, ಬ್ಯಾರೆ ಬ್ಯಾರೆ ಬಣ್ಣ. ಹಸಿರು ಡೆಕ್ಕಿಗೆ ಹಸಿರು, ಬಿಳಿ ಡೆಕ್ಕಿಗೆ ಬಿಳಿ ಅಂದ್ರ ಆಟ ಮುಗದ ಮ್ಯಾಲೆ ಮಕ್ಕಳೂ ವಿಂಗಡಿಸ್ತಾರ. 60 ಹಾಕಿದ ಮ್ಯಾಲೆ ಉಳಿದ 40 ಅದ ಡಬ್ಬಿಯ ಹೆಸರ ಬರದು ಮನ್ಯಾಗ ಇಡ್ರಿ. ಒಂದ ಸ್ಲೀವ್ ಹರದ್ರ ಅದ ಪಾಕೀಟಿಂದ ಹಾಕಬೇಕು, ಯಾಕಂದ್ರ ಅದ ಕಂಪನಿ, ಅದ ಬಣ್ಣ ಇದ್ರೂ ಬ್ಯಾರೆ ಪಾಕೀಟಿಂದು ಒಂದೀಟು ಬ್ಯಾರೆ ಕಾಣಬಹುದು, ಹಿಂದಿನಿಂದ ನೋಡಿದ್ರ ಯಾವ ಕಾರ್ಡಂತ ಗೊತ್ತಾಗ್ತದ. ಹೊಸಾ ಸ್ಲೀವ್ ಹಾಕಿದ ಕೂಡ್ಲೆ ಡೆಕ್ಕು ಜಾರಿ ಜಾರಿ ಬೀಳ್ತದ, ಒಳಗ ಗಾಳಿ ಸಿಕ್ಕೊಂಡಿರತದ. ಒಂದ ರಾತ್ರಿ ದಪ್ಪನ ಪುಸ್ತಕದ ಕೆಳಗ ಇಟ್ರ ಸರಿ ಆಗ್ತದ. ರಬ್ಬರ್ ಬ್ಯಾಂಡ್ ಮಾತ್ರ ಹಾಕಬ್ಯಾಡ್ರಿ. ತುದಿಯ ಕಾರ್ಡಿಗೆ ಎರಡೂ ಕಡೆ ಗಾಯ ಬೀಳ್ತದ, ಆಮ್ಯಾಲೆ ಕಲೆಸುವಾಗ ಬೆರಳಿಗೇ ಹತ್ತತದ.

ತಳ್ಳನ ಪಾರದರ್ಶಕ ಸ್ಲೀವ್ ಭಾಳ ಸೋವಿ ಅಂತ ಅದಕ್ಕ ಹೋಗಬ್ಯಾಡ್ರಿ. ಮಳಿಗಾಲದಾಗ ಒಂದಕ್ಕೊಂದು ಅಂಟ್ಕೋತಾವ, ಕಲೆಸಿದ್ರ ಗಂಟು ಗಂಟಾಗಿ ಬರ್ತಾವ. ಲ್ಯಾಂಡೆಲ್ಲ ಒಂದ ಕಡೆ ಕೂಡ್ತದ, ಆಡಾಂವ ಡೆಕ್ಕಿಗೆ ಬೈತಾನ.

ಫಾಯಿಲ್ ಕಾರ್ಡು ಎರವಲು ಡೆಕ್ಕಿನಾಗ ಒಂದೂ ಬ್ಯಾಡ. ಕಾಗದ ತೇವ ಹೀರಿ ಹಿಗ್ಗತದ, ಮ್ಯಾಲಿನ ಹೊಳಪಿನ ಪದರ ಹಿಗ್ಗೂದಿಲ್ಲ, ಅದಕ್ಕ ಕಾರ್ಡು ಬಾಗತದ. 60ರಾಗ ಒಂದ ಕಾರ್ಡು ಬಾಗಿದ್ರ ಕಟ್ ಮಾಡಿದಾಗ ಡೆಕ್ಕು ಅಲ್ಲೇ ಒಡೀತದ. ಪುಣ್ಯಾದಾಗ ಜೂನ್‌ದಿಂದ ಸೆಪ್ಟೆಂಬರ್ ತನಕಾ ನೋಡ್ಕೊಂಡ್ರ ಸಾಕು, ಮುಂಬೈ ಗೋವಾದವರಿಗೆ ವರ್ಷಪೂರ್ತಿ ಈ ಕಾಟ. ಬೂಟಿನ ಡಬ್ಬ್ಯಾಗ ಬರೋ ಸಿಲಿಕಾ ಜೆಲ್ ಚೀಟಿ ಡಬ್ಬಿಗೆ ಒಂದೊಂದು ಹಾಕ್ರಿ, ಡಬ್ಬಿಯನ್ನ ಜಿಪ್ ಪೌಚಿನಾಗ ಇಡ್ರಿ. ಪೌಚು, ಗಟ್ಟಿ ಕಾಗದ ಎಲ್ಲಾ ಅಪ್ಪಾ ಬಳವಂತ ಚೌಕದಾಗ ಸಿಗ್ತಾವ. ಮುಂಬೈದವರಿಗೆ ಅಬ್ದುಲ್ ರೆಹಮಾನ್ ಸ್ಟ್ರೀಟ್.

ಡಬ್ಬಿ 60ರದ್ದು ತಗೋಬ್ಯಾಡ್ರಿ, 80 ಹಿಡಿಯೂದು ತಗೋರಿ. ಸೈನಿಕರ ಟೋಕನ್ನು (ಬ್ಯಾರೆ ಕಾರ್ಡು ಆಡಿದಾಗ ಮೇಜಿಗೆ ಬರೋ ಸೈನಿಕರ ಗುರುತು), ಪಟ್ಟಿ ಬರದ ಚೀಟಿ, ಲೈಫ್ ಎಣಿಸಾಕ ಎರಡು ದಾಳ, ಇವೂ ಅದರಾಗ ಕೂಡಬೇಕಲ್ಲ. ಟೋಕನ್ ಕೊಳ್ಳೂದು ಬ್ಯಾಡ. ಹಳೇ ಇಸ್ಪೀಟು ಕಟ್ಟಿನಾಗಿನ ಎಂಟು ಗುಲಾಮ, ರಾಜಾ ಸಾಕು. ರೈಸ್ ದಿ ಅಲಾರ್ಮ್ ಹಾಕಿದಾಗ ಎರಡು ಗುಲಾಮ ಮೇಜಿಗೆ ಬಂದ್ರ ರಮ್ಮಿ ಆಡೋರಿಗೂ ಖುಷಿ.

ವಾಪಸ್ ಬಂದಾಗ ಹತ್ತು ಹತ್ತರ ಆರು ರಾಶಿ ಮಾಡಿ ಎಣಿಸ್ರಿ, ಒಂದ ನಿಮಿಷದ ಕೆಲಸ. ಒಂದು ಕಮ್ಮಿ ಬಂದ್ರ ಕೇಳಾಕ ಹೋಗಬ್ಯಾಡ್ರಿ. ಹದಿನೈದು ರೂಪಾಯಿ ಕಾರ್ಡಿನ ಸಲುವಾಗಿ ಪಂಚನಾಮೆ ಮಾಡಿದ್ರ ಮುಂದಿನ ಭಾನುವಾರ ಒಬ್ಬ ಕಮ್ಮಿ ಬರ್ತಾನ. ಅದರ ಬದಲಿ ಬಲೋತ್, ಜೇಡ, ಪ್ಯಾಸಿಫಿಸಮ್ ಒಂದೊಂದು ಹೆಚ್ಚಿಗಿ ತಂದಿಡ್ರಿ. ಹಾಂ, ಭಾಕರವಡಿ ಪ್ಲೇಟು ಮೇಜಿನ ಮ್ಯಾಲೆ ಬ್ಯಾಡ, ಬಾಜೂಕ ಒಂದು ಸ್ಟೂಲ್ ಮ್ಯಾಲೆ.

ಮಡಗಾಂವ್ ಮಳೆ (ಗೋವಾ):

ಪಟ್ಟಿ ಚೆನ್ನಾಗಿದೆ, ಆದರೆ ಎರಡೇ ಡೆಕ್ ಅಂದರೆ ನಾಲ್ಕನೇ ವಾರಕ್ಕೆ ಅದೇ ಗ್ರಿಫಿನ್, ಅದೇ ಜೇಡ. ಏಳೆಂಟು ಜನ ಇರುವ ಕಡೆ 20 ಕಾರ್ಡಿನ ಅರ್ಧ ಡೆಕ್‌ಗಳೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ವಿಜರ್ಡ್ಸ್ ಆಫ್ ದ ಕೋಸ್ಟ್ 2020ರಲ್ಲಿ ಜಂಪ್‌ಸ್ಟಾರ್ಟ್ ಅಂತ ತಂದದ್ದು ಇದೇ ಉಪಾಯ: ಲ್ಯಾಂಡೂ ಸೇರಿ 20 ಕಾರ್ಡಿನ ಪ್ಯಾಕ್, ಯಾವುದಾದರೂ ಎರಡನ್ನು ಒಡೆದು ಕಲೆಸಿದರೆ 40ರ ಡೆಕ್ ತಯಾರು. ಅದನ್ನು ಮನೆಯಲ್ಲೇ ಕಾಮನ್ ಕಾರ್ಡಿನಿಂದ ಮಾಡಬಹುದು. 8 ಲ್ಯಾಂಡ್, 12 ಇತರೆ. ಆ 12ರಲ್ಲಿ ಎಂಟು ಪ್ರಾಣಿ, ಎದುರಿನ ಪ್ರಾಣಿಯನ್ನು ಕೊಲ್ಲುವ ಅಥವಾ ಕಟ್ಟಿಹಾಕುವ ಕಾರ್ಡ್ ಎರಡು, ಉಳಿದೆರಡು ನಿಮ್ಮಿಷ್ಟ. ಅಂಥ ಆರು ಅರ್ಧ ಮಾಡಿದರೆ ಬೇಕಾಗುವುದು ಅದೇ 120 ಕಾರ್ಡ್, ಜೋಡಿ ಮಾತ್ರ 15 ಬಗೆ. ಒಮ್ಮೆಗೆ ಮೂರು ಜನ ಡೆಕ್ ಹಿಡಿಯಬಹುದು.

ಒಂದು ತೊಡಕು ಇದೆ. ಎರಡು ಬಣ್ಣದ ಅರ್ಧ ಸೇರಿದರೆ 40ರಲ್ಲಿ ಒಂದೊಂದು ಬಣ್ಣದ ಲ್ಯಾಂಡ್ ಎಂಟೆಂಟೇ. ಮೊದಲ ಏಳರಲ್ಲಿ ಒಂದು ನಿರ್ದಿಷ್ಟ ಬಣ್ಣದ ಲ್ಯಾಂಡ್ ಒಂದೂ ಬಾರದಿರುವ ಸಾಧ್ಯತೆ ಶೇ. 18. ಅದಕ್ಕೇ ಜಂಪ್‌ಸ್ಟಾರ್ಟ್‌ನಲ್ಲಿ ಥ್ರೈವಿಂಗ್ ಹೆಸರಿನ ಲ್ಯಾಂಡ್ ಬರುತ್ತದೆ: ಟ್ಯಾಪ್ ಆಗಿಯೇ ಮೇಜಿಗೆ ಬರುತ್ತದೆ, ಬರುವಾಗ ಇನ್ನೊಂದು ಬಣ್ಣ ಹೇಳಬೇಕು, ಮುಂದೆ ಎರಡರಲ್ಲಿ ಯಾವುದಾದರೂ ಕೊಡುತ್ತದೆ. ಅರ್ಧಕ್ಕೆ ಒಂದು ಹಾಕಿ. ಮಾನಾ ಚಿಹ್ನೆ ಎರಡೆರಡು ಇರುವ ಕಾರ್ಡನ್ನು, ಅಂದರೆ ಬಲೋತ್, ಏಂಜೆಲ್, ಇನ್‌ಸ್ಪೈರ್ಡ್ ಚಾರ್ಜ್ ಥರದ್ದನ್ನು, ಅರ್ಧ ಡೆಕ್ಕಿನಲ್ಲಿ ಒಂದಕ್ಕಿಂತ ಹೆಚ್ಚು ಇಡಬೇಡಿ.

ಡೊಂಬಿವಲಿ ಫಾಸ್ಟ್:

ಎರಡನೇ ತಿಂಗಳಿಗೆ ಇದು ಸರಿ, ಮೊದಲ ತಿಂಗಳಿಗೆ ಬೇಡ. ಎರಡು ಬಣ್ಣ ಅಂದ ಕೂಡಲೇ "ಈ ಲ್ಯಾಂಡಿಗೆ ಈ ಕಾರ್ಡ್ ಬರುತ್ತದಾ?" ಅನ್ನುವ ಪ್ರಶ್ನೆ ಪ್ರತಿ ಸರದಿಗೂ ಬರುತ್ತದೆ. ಆರು ಅರ್ಧವೂ ಬೇರೆ ಬೇರೆ ಆದರೆ ಓದಬೇಕಾದ ಹೆಸರು ಇಪ್ಪತ್ತರಿಂದ ಐವತ್ತು ಅರವತ್ತಕ್ಕೆ ಏರುತ್ತದೆ. ಆದರೆ ಈಗ ಕೊಳ್ಳುವ ಕಾರ್ಡೇ ಆಗ ಅರ್ಧ ಡೆಕ್ಕಿಗೂ ಬರುತ್ತದೆ, ವ್ಯರ್ಥ ಏನಿಲ್ಲ.

ಕೋಥ್ರೂಡ್ ಕಟ್ಟೆ:

ಎಲ್ಲರಿಗೂ ಧನ್ಯವಾದ. ಮೊದಲು 60ರ ಜೋಡಿಯೇ ಕಟ್ಟುತ್ತೇನೆ. ಇನ್ನೆರಡು ಸಂಶಯ. ಎರಡು ಡೆಕ್ ಸಮಬಲ ಇದೆಯೋ ಇಲ್ಲವೋ ನೋಡಲು ಹತ್ತು ಆಟ ಆಡಿದರೆ ಸಾಕೇ? ಮತ್ತೆ ಎಂಟೊಂಬತ್ತು ವರ್ಷದ ಮಕ್ಕಳೂ ಬರುತ್ತಾರೆ, ಅವರು ಕೇಳುವುದು ಪೋಕೆಮಾನ್. ಅದಕ್ಕೂ ಇದೇ ಲೆಕ್ಕ ನಡೆಯುತ್ತದೆಯೇ?

ವಾಕಡ್ ಲೆಕ್ಕಿಗ (ಪುಣೆ):

ಹತ್ತು ಆಟ ಸಾಲದು. ಡೆಕ್‌ಗಳು ನಿಜಕ್ಕೂ ಸಮವಾಗಿದ್ದರೂ ಹತ್ತರಲ್ಲಿ ಯಾವುದಾದರೂ ಒಂದು ಏಳು ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ಶೇ. 34. ಅದನ್ನು ನೋಡಿ ಕಾರ್ಡ್ ಬದಲಿಸಿದರೆ ಸರಿ ಇದ್ದದ್ದನ್ನು ಕೆಡಿಸಿದಂತೆ. ಇಪ್ಪತ್ತು ಆಟ ಆಡಿ, ಒಂದು ಕಡೆ ಹದಿನೈದು ಅಥವಾ ಹೆಚ್ಚು ಗೆದ್ದರೆ ಆಗ ಕೈ ಹಾಕಿ. ಸಮಬಲದ ಡೆಕ್‌ಗಳಲ್ಲಿ ಹದಿನೈದು ಬರುವುದೇ ಶೇ. 4ರಷ್ಟು. ಪ್ರತಿ ಆಟಕ್ಕೂ ಡೆಕ್ ಅದಲುಬದಲು ಮಾಡಿಕೊಳ್ಳಬೇಕು, ಮೊದಲು ಆಡುವವರೂ ಬದಲಾಗಬೇಕು. ಇಲ್ಲದಿದ್ದರೆ ಗೆದ್ದದ್ದು ಡೆಕ್ಕೋ ಆಡಿದವರೋ ತಿಳಿಯುವುದಿಲ್ಲ. ಇಪ್ಪತ್ತನ್ನೂ ನೀವಿಬ್ಬರು ಗೊತ್ತಿರುವವರೇ ಆಡಬೇಡಿ, ಅರ್ಧವನ್ನಾದರೂ ಹೊಸಬರು ಆಡಲಿ. ಗೊತ್ತಿರುವವರ ಕೈಯಲ್ಲಿ ಬಿಳಿ ಹೆಚ್ಚು ಗೆಲ್ಲಬಹುದು, ಯಾಕೆಂದರೆ ಪ್ಯಾಸಿಫಿಸಮ್ಮನ್ನು ಅವರು ದೊಡ್ಡ ಪ್ರಾಣಿ ಬರುವವರೆಗೆ ಕಾದಿಡುತ್ತಾರೆ. ಹೊಸಬರು ಅದನ್ನು ಎರಡನೇ ಸರದಿಯಲ್ಲಿ ಕರಡಿಯ ಮೇಲೆ ಹಾಕಿಬಿಡುತ್ತಾರೆ, ಮುಂದೆ ವರ್ಮ್ ಬಂದಾಗ ಕೈ ಖಾಲಿ.

ಬದಲಿಸುವಾಗ ಒಂದು ಸಲಕ್ಕೆ ಒಂದೆರಡು ಕಾರ್ಡ್ ಮಾತ್ರ. ಬಿಳಿ ಸೋಲುತ್ತಿದ್ದರೆ ಒಂದು ಆಕ್ಸ್ ತೆಗೆದು ಒಂದು ಏಂಜೆಲ್ ಸೇರಿಸಿ. ಹಸಿರು ಸೋಲುತ್ತಿದ್ದರೆ ಕಾರಣ ಹೆಚ್ಚಾಗಿ ಹಾರುವ ಪ್ರಾಣಿಗಳೇ: ಎರಡು ಗೋರ್ಜರ್ ತೆಗೆದು ಎರಡು ಪ್ಲಮೆಟ್ ಹಾಕಿ, ಎರಡು ಮಾನಾಕ್ಕೆ ಹಾರುವ ಒಂದು ಪ್ರಾಣಿ ನಾಶ. ಆದರೆ ಅದೇ ಹಸಿರು ಡೆಕ್ಕನ್ನು ಯಾರಾದರೂ ಹೊರಗಿನವರ ಗಾಬ್ಲಿನ್ ಎದುರು ಆಡಿದರೆ ಪ್ಲಮೆಟ್ ಸತ್ತ ಕಾರ್ಡ್, ಕೈಯಲ್ಲೇ ಕೊಳೆಯುತ್ತದೆ. ಜೋಡಿ ಬಿಟ್ಟು ಒಂದೇ ಡೆಕ್ ಹೊರಗೆ ಹೋಗುವುದಿದ್ದರೆ ಗೋರ್ಜರ್ ವಾಪಸ್ ಹಾಕಿ ಕೊಡಿ. ಲ್ಯಾಂಡ್ ಸಂಖ್ಯೆಗೆ ಮಾತ್ರ ಕೈ ಹಚ್ಚಬೇಡಿ. "ಇವತ್ತು ಲ್ಯಾಂಡೇ ಲ್ಯಾಂಡ್ ಬಂತು" ಅಂತ ಒಬ್ಬರು ಗೊಣಗಿದ ಕೂಡಲೇ ಎರಡು ಲ್ಯಾಂಡ್ ಕಿತ್ತವರ ಡೆಕ್ ಮುಂದಿನ ವಾರ ಒಣಗುತ್ತದೆ.

ಪೋಕೆಮಾನ್‌ಗೆ ಲೆಕ್ಕದ ಜಾಗ ಬೇರೆ. ಅಲ್ಲಿ ಮುಖ್ಯ ಸಂಖ್ಯೆ ಬೇಸಿಕ್ ಪೋಕೆಮಾನ್ (ವಿಕಾಸದ ಮೊದಲ ಹಂತದ್ದು, ನೇರ ಮೇಜಿಗೆ ಇಡಬಹುದಾದದ್ದು) ಎಷ್ಟಿವೆ ಅನ್ನುವುದು. 60ರ ಡೆಕ್ಕಿನಿಂದ ಏಳು ಎಲೆ ತೆಗೆದಾಗ ಅದರಲ್ಲಿ ಒಂದಾದರೂ ಬೇಸಿಕ್ ಇರಲೇಬೇಕು, ಇಲ್ಲದಿದ್ದರೆ ಕೈ ತೋರಿಸಿ ಮತ್ತೆ ಕಲೆಸಬೇಕು, ಎದುರಿನವರಿಗೆ ಒಂದು ಎಲೆ ಹೆಚ್ಚು ಸಿಗುತ್ತದೆ. ಬೇಸಿಕ್ 8 ಇದ್ದರೆ ಹೀಗಾಗುವ ಸಾಧ್ಯತೆ ಶೇ. 35, 10 ಇದ್ದರೆ ಶೇ. 26, 12 ಇದ್ದರೆ ಶೇ. 19, 14 ಇದ್ದರೆ ಶೇ. 14. ಮಕ್ಕಳ ಡೆಕ್ಕಿಗೆ 12ಕ್ಕಿಂತ ಕೆಳಗೆ ಹೋಗಬೇಡಿ. ಮೂರು ಹಂತದ ವಿಕಾಸ ಇರುವ ಪೋಕೆಮಾನ್ ಒಂದೇ ಸಾಲು ಸಾಕು. ಮೂರನೇ ಹಂತದ ಕಾರ್ಡ್ ಕೈಗೆ ಬಂದು ಮೊದಲ ಹಂತದ್ದು ಬಾರದಿದ್ದರೆ ಮಗು ಅದನ್ನೇ ಹಿಡಿದು ಅಳುಮುಖ ಮಾಡಿ ಕೂರುತ್ತದೆ. ಎನರ್ಜಿ (ದಾಳಿಗೆ ಬೇಕಾದ ಶಕ್ತಿಯ ಕಾರ್ಡ್) ಒಂದೇ ಬಗೆಯದು ಇರಲಿ, ಸರದಿಗೆ ಒಂದೇ ಹಚ್ಚಬಹುದು ಅನ್ನುವುದನ್ನು ಬಿಡದೆ ಹೇಳಿ.

ಇಲ್ಲಿ ಒಂದೊಂದಾಗಿ ಕಾರ್ಡ್ ಕೊಂಡು ಕಟ್ಟುವುದಕ್ಕಿಂತ 60 ಕಾರ್ಡಿನ ಸಿದ್ಧ ಬ್ಯಾಟಲ್ ಡೆಕ್ ಎರಡು ತಂದು ಬಿಚ್ಚುವುದೇ ಸುಲಭ. ಎರಡೂ ಒಂದೇ ಸರಣಿಯ ಜೋಡಿಯಾಗಿರಲಿ. ಒಂದರಲ್ಲಿ ಇಎಕ್ಸ್ (ಹೆಚ್ಚು ಬಲದ ಪೋಕೆಮಾನ್) ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆಟ ಒಂದು ಕಡೆಗೇ ವಾಲುತ್ತದೆ. ಇಎಕ್ಸ್ ಬಿದ್ದರೆ ಎದುರಿನವರಿಗೆ ಎರಡು ಪ್ರೈಜ್ ಕಾರ್ಡ್ (ಗೆಲ್ಲಲು ತೆಗೆದು ಮುಗಿಸಬೇಕಾದ ಕಾರ್ಡ್) ಸಿಗುತ್ತದೆ ಅನ್ನುವುದನ್ನು ಮಕ್ಕಳು ಮರೆಯುವುದೇ ಹೆಚ್ಚು. ರಸ್ತೆ ಬದಿಯಲ್ಲಿ ಮಾರುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡ್ ಆಟಕ್ಕೆ ಬರುವುದಿಲ್ಲ: ದಪ್ಪ ಬೇರೆ, ಮೇಲಿನ ಅಂಕಿ ಬಾಯಿಗೆ ಬಂದಂತೆ. ಮಕ್ಕಳು ತಂದರೆ ನೋಡಿ ಮೆಚ್ಚಿ, ಡೆಕ್ಕಿಗೆ ಸೇರಿಸಬೇಡಿ. ಕಾರ್ಡಿನ ಅಳತೆ ಮ್ಯಾಜಿಕ್‌ನದ್ದೇ, ಹಾಗಾಗಿ ಸ್ಲೀವ್ ಉಳಿದರೆ ಅಲ್ಲಿಗೂ ಆಗುತ್ತದೆ.

ಮಡಗಾಂವ್ ಮಳೆ:

ಒಂದು ಸಣ್ಣ ಸೇರ್ಪಡೆ. ಡಬ್ಬಿಯೊಳಗೆ ಸರದಿಯ ಕ್ರಮದ ಚೀಟಿ ಕನ್ನಡದಲ್ಲೇ ಬರೆದಿಡಿ, ಕಾರ್ಡಿನ ಅಳತೆಗೆ ಕತ್ತರಿಸಿ ಸ್ಲೀವ್‌ನಲ್ಲಿ ಹಾಕಿ. ಐದೇ ಸಾಲು: "ಮಲಗಿದ್ದನ್ನೆಲ್ಲ ನೆಟ್ಟಗೆ ಮಾಡು. ಒಂದು ಎಲೆ ಎತ್ತು. ಲ್ಯಾಂಡ್ ಒಂದೇ ಇಡು. ಬೇಕಿದ್ದರೆ ಅಟ್ಯಾಕ್. ಅಟ್ಯಾಕ್ ಆದ ಮೇಲೂ ಪ್ರಾಣಿ ಇಡಬಹುದು." ಐದನೇ ಸಾಲು ಮರೆಯಬೇಡಿ. ಹೊಸಬರು ಎಲ್ಲ ಪ್ರಾಣಿಯನ್ನೂ ಅಟ್ಯಾಕ್‌ಗೆ ಮೊದಲೇ ಇಟ್ಟುಬಿಡುತ್ತಾರೆ, ಕೈಯಲ್ಲಿ ಏನಿದೆ ಅನ್ನುವುದು ಎದುರಿನವರಿಗೆ ಬ್ಲಾಕ್ ಮಾಡುವ ಮೊದಲೇ ತಿಳಿದುಹೋಗುತ್ತದೆ. ಮೊದಲು ಆಡುವವರು ಮೊದಲ ಸರದಿಯಲ್ಲಿ ಎಲೆ ಎತ್ತುವ ಹಾಗಿಲ್ಲ, ಅದನ್ನು ಚೀಟಿಯ ಹಿಂಬದಿಗೆ ಬರೆಯಿರಿ.

ಕೋಥ್ರೂಡ್ ಕಟ್ಟೆ:

ಆರ್ಡರ್ ಹಾಕುತ್ತಿದ್ದೇನೆ. ಒಂದೇ ಕಡೆ ಬಲೋತ್ ಎರಡೇ ಸಿಗುತ್ತಿವೆ. ಆ ಎರಡು ಜಾಗಕ್ಕೆ ಇನ್ನೆರಡು ಸೆಂಟಾರ್ ಕೋರ್ಸರ್ ಹಾಕಲೇ?

ಡೊಂಬಿವಲಿ ಫಾಸ್ಟ್:

ಒಂದೇ ಹೆಸರಿನದ್ದು ನಾಲ್ಕೇ ಮಿತಿ, ಆರು ಆಗದು. ನೆಸ್ಸಿಯನ್ ಕೋರ್ಸರ್ ಎರಡು ತೆಗೆದುಕೊಳ್ಳಿ, ಅದೂ ಮೂರು ಮಾನಾಕ್ಕೆ 3/3, ಹೆಸರು ಬೇರೆ ಇರುವುದರಿಂದ ನಡೆಯುತ್ತದೆ. ಚೀಟಿಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು 4 + 2 ಅಂತ ಹಾಕಿ, ಇಲ್ಲದಿದ್ದರೆ ಎಣಿಸುವವರು ಒಂದು ಬಗೆ ಕಾಣೆ ಅಂದುಕೊಳ್ಳುತ್ತಾರೆ. ಮುಂದೆ ಬಲೋತ್ ಸಿಕ್ಕಾಗ ಎರಡನ್ನು ತೆಗೆದು ಹೆಚ್ಚುವರಿ ಡಬ್ಬಿಗೆ ಹಾಕಿ.